ಕೂದಲು ಹೇಳಿದ ತಿಂಗಳುಗಳು

ಬಂದರಿನ ಹಿಂದಿನ ನಾಲ್ಕು ಬೀದಿಗಳಲ್ಲಿ ನರ್ಸಕ್ಕನ ಮಾತಿಗೆ ಎದುರಾಡುವವರಿರಲಿಲ್ಲ. ಇಪ್ಪತ್ತಾರು ವರ್ಷಗಳಿಂದ ಆಕೆ ಅಲ್ಲಿನ ಆರೋಗ್ಯ ಕೇಂದ್ರದ ನರ್ಸು. ಆಕೆಯ ಸೈಕಲ್ ಕಿರುಗುಟ್ಟುವುದು ತಿರುವಿನಲ್ಲಿ ಕೇಳಿಸಿದರೆ ಸಾಕು, ಸೂಜಿಗೆ ಹೆದರಿದ ಮಕ್ಕಳು ಮಂಚದ ಕೆಳಗೆ ಸೇರಿಕೊಳ್ಳುತ್ತಿದ್ದವು. ಕಬ್ಬಿಣದ ಮಾತ್ರೆಗಳನ್ನು ಕಿಟಕಿಯಾಚೆ ಎಸೆದಿದ್ದ ಬಸುರಿಯರು ಅವಸರದಲ್ಲಿ ಖಾಲಿ ಪಟ್ಟಿ ಹುಡುಕಿ ಕೈಯಲ್ಲಿ ಹಿಡಿದು ನಿಲ್ಲುತ್ತಿದ್ದರು. ಆ ಬೀದಿಗಳಲ್ಲಿ ಈಗ ದೋಣಿ ನಡೆಸುವ ಎಷ್ಟೋ ಗಂಡಸರು ಮೊದಲ ಸಲ ಅತ್ತದ್ದು ಆಕೆಯ ಕೈಯಲ್ಲಿ.

ಬಸುರಿಯರಿಗೆ ಆಕೆ ಹೇಳುತ್ತಿದ್ದದ್ದು ಮೂರೇ ಮಾತು. ಮಾತ್ರೆ ನುಂಗು, ಎಡ ಮಗ್ಗುಲಿಗೆ ಮಲಗು, ದಿನಾ ಮೀನು ತಿನ್ನು. ಮೂರನೆಯದನ್ನು ಹೇಳುವಾಗ ಸ್ವರ ಸ್ವಲ್ಪ ಏರುತ್ತಿತ್ತು. "ಮೀನು ತಿಂದ ತಾಯಿ ಮಗು ಚುರುಕಾಗಿರುತ್ತೆ. ತಲೆಗೆ ಬೇಕಾದದ್ದೆಲ್ಲ ಅದರಲ್ಲೇ ಇದೆ. ಕಡಲು ಮನೆ ಮುಂದೇ ಇದೆ, ನಿಮಗೇನು ಬರ?" ಎನ್ನುತ್ತಿದ್ದಳು. "ನರ್ಸಕ್ಕ ಬರ್ತಾಳೆ ಅಂದ್ರೆ ಮೀನುಗಳು ಹೆದರಿ ಆಳಕ್ಕೆ ಹೋಗ್ತಾವೆ" ಎಂದು ಹೆಂಗಸರು ನಗುತ್ತಿದ್ದರು. ಆಕೆಯೂ ನಗುತ್ತಿದ್ದಳು. ತರಬೇತಿಯಲ್ಲಿ ಕಲಿತ ಮಾತು ಅದು, ಪುಸ್ತಕದಲ್ಲಿದ್ದ ಮಾತು. ಸುಳ್ಳೂ ಅಲ್ಲ.

ನರ್ಸಕ್ಕ ಮದುವೆಯಾಗಿರಲಿಲ್ಲ. ತಂಗಿ ಜ್ವರದಲ್ಲಿ ತೀರಿಕೊಂಡಾಗ ಅವಳ ಒಂಬತ್ತು ವರ್ಷದ ಮಗಳನ್ನು ಮನೆಗೆ ಕರೆತಂದು ತಾನೇ ಬೆಳೆಸಿದ್ದಳು. ಅವಳನ್ನು ಎಲ್ಲರೂ ಪುಟ್ಟಿ ಎಂದೇ ಕರೆಯುತ್ತಿದ್ದರು. ಆಳುದ್ದ ಬೆಳೆದರೂ ಆ ಹೆಸರು ಹೋಗಲಿಲ್ಲ. ಪುಟ್ಟಿಯ ಕೂದಲು ಸೊಂಟ ದಾಟುತ್ತಿತ್ತು. ಶಾಲೆಯ ದಿನಗಳಲ್ಲಿ ಬೆಳಿಗ್ಗೆ ಅದನ್ನು ಬಾಚಿ ಜಡೆ ಹಾಕುವಷ್ಟರಲ್ಲಿ ನರ್ಸಕ್ಕನಿಗೆ ಕೆಲಸಕ್ಕೆ ತಡವಾಗುತ್ತಿತ್ತು. ದೊಡ್ಡವಳಾದ ಮೇಲೆ ಪುಟ್ಟಿ ಎಂಜಿನ್ ದೋಣಿ ನಡೆಸುವವನೊಬ್ಬನನ್ನು ಮೆಚ್ಚಿ ಮದುವೆಯಾದಳು. ಹೆಚ್ಚು ಮಾತಿಲ್ಲದ, ಬೆನ್ನು ಬಗ್ಗಿಸಿ ದುಡಿಯುವ ಹುಡುಗ. ನರ್ಸಕ್ಕನಿಗೂ ಒಪ್ಪಿಗೆಯಾಯಿತು. ಎರಡು ಬೀದಿ ಆಚೆಗೆ ಸಂಸಾರ ಹೂಡಿದರು.

ಪುಟ್ಟಿ ಬಸುರಿಯಾದಾಗ ಐದನೇ ತಿಂಗಳ ಪರೀಕ್ಷೆಯಲ್ಲಿ ರಕ್ತ ಕಡಿಮೆ ಎಂದು ಬಂತು. ಕಣ್ಣಿನ ಒಳರೆಪ್ಪೆ ಬಿಳಿಚಿತ್ತು. ನರ್ಸಕ್ಕ ಅಳಿಯನನ್ನು ಬಾಗಿಲಲ್ಲೇ ತಡೆದು ನಿಲ್ಲಿಸಿದಳು.

"ದೊಡ್ಡ ಮೀನು ಸಿಕ್ಕಿದರೆ ಎಲ್ಲಾ ಮಾರ್ಬೇಡ. ಹೊಟ್ಟೆ ಭಾಗದ ಒಂದು ತುಂಡು ಇವಳಿಗೆ ತೆಗೆದಿಡು. ದಿನಾ."

"ಆಗ್ಲಿ ಅತ್ತೆ" ಎಂದ ಅವನು. ಹೇಳಿದಂತೆ ನಡೆದುಕೊಂಡ. ಹೊಳೆ ಕಡಲು ಸೇರುವ ಅಳಿವೆಯ ಬಾಯಲ್ಲಿ ಒಂದು ಜಾತಿಯ ಮೀನು ಸಿಗುತ್ತಿತ್ತು. ತೊಡೆಯ ಗಾತ್ರದ್ದು, ಬಾಯಿ ತುಂಬ ಹಲ್ಲು, ಸಣ್ಣ ಮೀನುಗಳನ್ನೇ ತಿಂದು ಬದುಕುವಂಥದ್ದು. ಹಲ್ಲುಮೀನು ಎಂದೇ ಅದರ ಹೆಸರು. ಅಂಥದ್ದು ಮನೆಗೆ ಬಂತೆಂದರೆ ನೆಂಟರು ಬಂದಷ್ಟು ಸಡಗರ. ಆ ನಾಲ್ಕು ತಿಂಗಳು ಪುಟ್ಟಿಗೆ ದಿನ ಬಿಟ್ಟು ದಿನವಾದರೂ ಅದರ ತುಂಡು ತಪ್ಪಲಿಲ್ಲ. ಏಳನೇ ತಿಂಗಳಲ್ಲಿ ಅವಳಿಗೆ ಅದರ ವಾಸನೆಯೇ ಬೇಡವಾಯಿತು. "ಸಾಕು ದೊಡ್ಡಮ್ಮ, ಗಂಟಲಲ್ಲಿ ಇಳಿಯಲ್ಲ" ಎಂದು ತಟ್ಟೆ ತಳ್ಳಿದಳು. ನರ್ಸಕ್ಕ ಪಕ್ಕದಲ್ಲಿ ಕುಳಿತು, ಮುಳ್ಳು ಬಿಡಿಸಿ, ತುತ್ತು ಮಾಡಿ ಬಾಯಿಗಿಟ್ಟಳು. "ನಿನಗಲ್ಲ, ಒಳಗಿರೋನಿಗೆ" ಎಂದಳು.

ಗಂಡು ಮಗು. ಮೂರು ಕಿಲೋ ಮೇಲೆ ತೂಗಿತು. ಹುಟ್ಟಿದೊಡನೆ ಗಟ್ಟಿಯಾಗಿ ಅತ್ತಿತು. ಬೀದಿಯವರೆಲ್ಲ ಬಂದು ನೋಡಿಹೋದರು. "ನರ್ಸಕ್ಕನ ಕೈಗುಣ" ಎಂದರು.

ನಾಲ್ಕು ತಿಂಗಳಾದರೂ ಪಾಪುವಿನ ಕತ್ತು ನಿಲ್ಲಲಿಲ್ಲ. ಆರು ತಿಂಗಳಿಗೂ ನಿಲ್ಲಲಿಲ್ಲ. ಸಾವಿರಾರು ಮಕ್ಕಳನ್ನು ತೂಗಿದ ಕೈ ನರ್ಸಕ್ಕನದು. ಎತ್ತಿಕೊಂಡ ಕ್ಷಣವೇ ಅವಳಿಗೆ ತಿಳಿಯುತ್ತಿತ್ತು. ಕಾಲು ಮರದ ಕೊರಡಿನಂತೆ ಬಿಗಿ, ಬೆನ್ನು ಮಾತ್ರ ಸಡಿಲ. ಗಿಲಕಿ ಆಡಿಸಿದರೆ ಕಣ್ಣು ತಡವಾಗಿ ತಿರುಗುತ್ತಿತ್ತು, ಕೆಲವೊಮ್ಮೆ ತಿರುಗುತ್ತಲೇ ಇರಲಿಲ್ಲ. ಬೇರೆಯವರ ಮಗುವಾಗಿದ್ದರೆ ಅಂದೇ ಚೀಟಿ ಬರೆದು ದೊಡ್ಡಾಸ್ಪತ್ರೆಗೆ ಅಟ್ಟುತ್ತಿದ್ದಳು. ತನ್ನ ಪುಟ್ಟಿಯ ಮಗುವಿನ ವಿಷಯಕ್ಕೆ ನಾಲಿಗೆ ಹೊರಳಲಿಲ್ಲ. "ಕೆಲವು ಮಕ್ಕಳು ನಿಧಾನ" ಎಂದಳು. "ಅವರಪ್ಪನೇ ಮೂರು ವರ್ಷಕ್ಕೆ ಮಾತಾಡಿದ್ದಂತೆ. ಈಗಲೂ ಎಲ್ಲಿ ಮಾತಾಡ್ತಾನೆ?" ಎಂದು ಪುಟ್ಟಿಯೂ ನಕ್ಕಳು. ನಕ್ಕಮೇಲೆ ಇಬ್ಬರೂ ಮಗುವಿನ ಕಡೆ ನೋಡಲಿಲ್ಲ.

ಹದಿನಾಲ್ಕನೇ ತಿಂಗಳಲ್ಲಿ, ದಿಂಬುಗಳ ನಡುವೆ ಕೂರಿಸಿದರೂ ಪಾಪು ಪಕ್ಕಕ್ಕೆ ವಾಲಿ ಬೀಳುವುದನ್ನು ನೋಡಲಾಗದೆ ಅಳಿಯನೇ ಬಾಯಿಬಿಟ್ಟ. "ಅತ್ತೆ, ಎಲ್ಲಿಗಾದ್ರೂ ತೋರಿಸೋಣ."

ನಗರದ ಆಸ್ಪತ್ರೆಯ ಮಕ್ಕಳ ಡಾಕ್ಟರು ನಲವತ್ತರ ಆಸುಪಾಸಿನ ಹೆಂಗಸು. ಮಗುವನ್ನು ಮೇಜಿನ ಮೇಲೆ ಮಲಗಿಸಿ ಗಂಟೆಗಟ್ಟಲೆ ನೋಡಿದರು. ರಕ್ತ ತೆಗೆಸಿದರು, ತಲೆಯ ಚಿತ್ರ ತೆಗೆಸಿದರು, ಹೆರಿಗೆಯ ಕಾಗದಗಳನ್ನು ಎರಡು ಸಲ ಓದಿದರು. ಉಸಿರು ಕಟ್ಟಿದ್ದಿಲ್ಲ, ಕಾಮಾಲೆಯಿಲ್ಲ, ಸೋಂಕಿಲ್ಲ. ಕೊನೆಗೆ ಪುಟ್ಟಿಯ ಕಡೆ ತಿರುಗಿದರು.

"ಬಸುರಿಯಾಗಿದ್ದಾಗ ಏನು ತಿಂತಿದ್ರಿ?"

ಪುಟ್ಟಿ ಹೇಳುವ ಮೊದಲೇ ನರ್ಸಕ್ಕ ಹೇಳಿದಳು. ಹೆಮ್ಮೆಯಿಂದಲೇ ಹೇಳಿದಳು.

ಡಾಕ್ಟರು ಪೆನ್ನು ಕೆಳಗಿಟ್ಟರು. "ಯಾವ ಮೀನು? ಎಲ್ಲಿ ಹಿಡಿದದ್ದು?" ಎಂದು ಕೇಳಿದರು. ಅಳಿಯ ಅಳಿವೆಯ ಹೆಸರು ಹೇಳಿದ. ಡಾಕ್ಟರು ಎದ್ದುಬಂದು ಪುಟ್ಟಿಯ ಹಿಂದೆ ನಿಂತರು. "ಈ ಕೂದಲು ಯಾವಾಗಲಾದ್ರೂ ಕತ್ತರಿಸಿದ್ದೀರಾ?"

"ಇಲ್ಲ."

"ಬುಡದಿಂದ ಒಂದು ಸಣ್ಣ ಕುಚ್ಚು ಬೇಕು. ಪೆನ್ಸಿಲಿನಷ್ಟು ದಪ್ಪ. ಕೊಡ್ತೀರಾ?"

ಕತ್ತರಿ ಹಿಡಿದ ಡಾಕ್ಟರು ಕೆಲಸ ಮಾಡುತ್ತಲೇ ವಿವರಿಸಿದರು. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರು ಬೆಳೆಯುತ್ತದೆ. ಆ ತಿಂಗಳು ಮೀನಿನಿಂದ ಮೈಗೆ ಪಾದರಸದ ವಿಷ ಸೇರಿದ್ದರೆ ಅದರ ಪಾಲು ಆ ತುಂಡಿನಲ್ಲಿ ಸೇರಿಕೊಳ್ಳುತ್ತದೆ, ಮತ್ತೆ ಹೋಗುವುದಿಲ್ಲ. ಬುಡದಿಂದ ಅಳೆಯುತ್ತ ಹೋದರೆ ಯಾವ ತಿಂಗಳಲ್ಲಿ ಎಷ್ಟಿತ್ತು ಎಂದು ಗೊತ್ತಾಗುತ್ತದೆ. ಕುಚ್ಚನ್ನು ದಾರದಿಂದ ಬಿಗಿದು, ಬುಡ ಯಾವ ಕಡೆ ಎಂದು ಗುರುತು ಹಾಕಿ, ಲಕೋಟೆಗೆ ಸೇರಿಸಿದರು.

ಮೂರು ವಾರದ ಮೇಲೆ ಕಾಗದ ಬಂತು. ಡಾಕ್ಟರ ಮೇಜಿನ ಮೇಲೆ ಅದನ್ನು ಬಿಡಿಸಿಟ್ಟಾಗ ನರ್ಸಕ್ಕ ಕನ್ನಡಕ ಹಾಕಿಕೊಂಡು ಮುಂದಕ್ಕೆ ಬಾಗಿದಳು. ಒಂದೊಂದು ಸೆಂಟಿಮೀಟರಿಗೆ ಒಂದೊಂದು ಗೆರೆ, ಎದುರಿಗೆ ಪಾದರಸ ಎಷ್ಟೆಂದು ಹೇಳುವ ಒಂದು ಸಂಖ್ಯೆ. ಬುಡದ ಹತ್ತಿರ ಆರು, ಏಳು. ಹೆರಿಗೆಯ ಸಮಯದಲ್ಲಿ, ಎಂದರೆ ಹದಿನಾಲ್ಕನೇ ಗೆರೆಯಲ್ಲಿ, ಮೂವತ್ತೊಂದು. ಹದಿನೈದರಲ್ಲಿ ಇಪ್ಪತ್ತೊಂಬತ್ತು. ಹದಿನಾರು, ಹದಿನೇಳು, ಕೆಳಕ್ಕೆ ಹೋದಂತೆ ಸಂಖ್ಯೆ ಸಣ್ಣದಾಗುತ್ತ ಬಂದು, ಬಸಿರಿನ ಮೊದಲ ತಿಂಗಳುಗಳ ಗೆರೆಗಳಲ್ಲಿ ಒಂಬತ್ತಕ್ಕೆ ನಿಂತಿತ್ತು. ಬಸುರಿಯರಲ್ಲಿ ಹತ್ತು ದಾಟಿದರೆ ಚಿಂತೆಯ ವಿಷಯ ಎಂದರು ಡಾಕ್ಟರು.

ಏರಿಕೆ ಬಸಿರಿನ ಐದನೇ ತಿಂಗಳಿನಿಂದ. ಯಾರೂ ಬೆರಳಿಟ್ಟು ತೋರಿಸಬೇಕಾಗಿರಲಿಲ್ಲ.

ಹೊಳೆಯ ಮೇಲ್ಗಡೆ ಮುಂಚೆ ಒಂದು ರಾಸಾಯನಿಕ ಕಾರ್ಖಾನೆ ಇತ್ತು, ಮುಚ್ಚಿ ಹದಿನೈದು ವರ್ಷವಾಗಿತ್ತು. ಅದು ಬಿಟ್ಟ ಪಾದರಸ ಹೊಳೆಯ ಕೆಸರಿನಲ್ಲಿ ಇನ್ನೂ ಇರಬೇಕು ಎಂದರು ಡಾಕ್ಟರು. ಕೆಸರಿನ ಸೂಕ್ಷ್ಮಜೀವಿಗಳು ಅದನ್ನು ಇನ್ನಷ್ಟು ಕೆಟ್ಟ ವಿಷವಾಗಿ ಮಾಡುತ್ತವೆ. ಹುಳು ಅದನ್ನು ತಿನ್ನುತ್ತದೆ, ಹುಳುವನ್ನು ಸಣ್ಣ ಮೀನು, ಅಂಥ ನೂರು ಸಣ್ಣ ಮೀನುಗಳನ್ನು ಒಂದು ದೊಡ್ಡ ಮೀನು. ಒಂದೊಂದು ಬಾಯಿ ದಾಟಿದಂತೆಲ್ಲ ವಿಷ ಹೆಚ್ಚುತ್ತದೆ. ತೊಳೆದರೆ ಹೋಗದು, ಬೇಯಿಸಿದರೆ ಹೋಗದು. ತಾಯಿಗೆ ಏನೂ ಆಗದಿರಬಹುದು. ಆದರೆ ಅದು ಕರುಳಬಳ್ಳಿ ದಾಟಿ, ಆಗಷ್ಟೇ ಮೂಡುತ್ತಿರುವ ಮೆದುಳಿಗೆ ಹೋಗಿ ಕೂರುತ್ತದೆ.

"ವಾಸಿ ಆಗುತ್ತಾ?" ಎಂದ ಅಳಿಯ.

"ಆದ ಪೆಟ್ಟು ಹೋಗಲ್ಲ. ವ್ಯಾಯಾಮ ಮಾಡಿಸಿದ್ರೆ ಕೂರಬಹುದು, ಆಧಾರ ಹಿಡಿದು ನಡೀಬಹುದು. ಎಷ್ಟರಮಟ್ಟಿಗೆ ಅಂತ ಈಗಲೇ ಹೇಳೋಕಾಗಲ್ಲ."

ಆಸ್ಪತ್ರೆಯ ಉದ್ದನೆಯ ಮೊಗಸಾಲೆಯಲ್ಲಿ, ಔಷಧಿ ಕಿಟಕಿಯ ಮುಂದೆ ಸಾಲು ನಿಂತಿದ್ದ ಜನರ ನಡುವೆ, ಪುಟ್ಟಿ ತಟ್ಟನೆ ತಿರುಗಿ ನಿಂತಳು.

"ನನಗೆ ಬೇಡ ಅಂದಿದ್ದೆ ದೊಡ್ಡಮ್ಮ. ಏಳನೇ ತಿಂಗಳಲ್ಲಿ. ತಟ್ಟೆ ತಳ್ಳಿದ್ದೆ."

"ಹೌದಮ್ಮ."

"ನೀನೇ ಬಾಯಿಗಿಟ್ಟೆ."

"ಹೌದು."

ನನಗೆ ಗೊತ್ತಿರಲಿಲ್ಲ ಎನ್ನಬಹುದಿತ್ತು. ನಾಲಿಗೆಯ ತುದಿಗೆ ಬಂದ ಆ ಮಾತನ್ನು ನರ್ಸಕ್ಕ ನುಂಗಿಕೊಂಡಳು. ಗೊತ್ತಿರಲಿಲ್ಲ ಎಂಬುದು ಪುಟ್ಟಿಗೂ ಗೊತ್ತಿತ್ತು. ಅದರಿಂದ ಪಾಪುವಿನ ಬೆನ್ನೇನೂ ನೆಟ್ಟಗಾಗುತ್ತಿರಲಿಲ್ಲ.

ಮಾರನೆಯ ದಿನದಿಂದ ಪುಟ್ಟಿಯ ಮನೆಬಾಗಿಲು ನರ್ಸಕ್ಕನಿಗೆ ತೆರೆಯಲಿಲ್ಲ. ಅಳಿಯ ಮಾತ್ರ ಒಂದು ಸಂಜೆ ಆರೋಗ್ಯ ಕೇಂದ್ರಕ್ಕೆ ಬಂದು, ತೂಕದ ಯಂತ್ರದ ಪಕ್ಕದ ಬೆಂಚಿನಲ್ಲಿ ಕುಳಿತ. "ಹಿಡಿದವನು ನಾನು. ಎಲ್ಲಾ ನಿಮ್ಮ ತಲೆ ಮೇಲೆ ಹಾಕ್ಕೋಬೇಡಿ ಅತ್ತೆ" ಎಂದು ಎದ್ದುಹೋದ. ಅವನು ಒಂದೇ ಸಲಕ್ಕೆ ಅಷ್ಟು ಮಾತಾಡಿದ್ದನ್ನು ಆಕೆ ಹಿಂದೆ ಕೇಳಿರಲಿಲ್ಲ.

ಡಾಕ್ಟರು ಕೇಳಿದ್ದಕ್ಕೆ ಅವನೇ ಅಳಿವೆಯ ಮೀನುಗಳನ್ನು ಮಂಜಿನಲ್ಲಿಟ್ಟು ಪರೀಕ್ಷೆಗೆ ಒಯ್ದುಕೊಟ್ಟ. ಬೆರಳುದ್ದದ ಸಣ್ಣ ಮೀನುಗಳಲ್ಲಿ ಪಾದರಸ ಇತ್ತು ಎನ್ನುವಷ್ಟು ಮಾತ್ರ, ತಿನ್ನಲು ತೊಂದರೆಯಿಲ್ಲ. ಹಲ್ಲುಮೀನಿನಲ್ಲಿ, ಇರಬಹುದಾದ ಮಿತಿಯ ಐದು ಪಟ್ಟು. ಆ ಕಾಗದ ಹಿಡಿದು ನರ್ಸಕ್ಕ ಮೇಲಿನ ಆರೋಗ್ಯಾಧಿಕಾರಿಯ ಕೋಣೆಗೆ ಹೋದಳು. ಸಾಹೇಬರು ಒಳ್ಳೆಯವರೇ. ಕುರ್ಚಿ ತೋರಿಸಿದರು.

"ಒಂದೇ ಮಗುವಿನ ಮೇಲೆ ಏನೂ ಹೇಳೋಕಾಗಲ್ಲ ಸಿಸ್ಟರ್. ತಂಡ ಬರುತ್ತೆ, ಸಮೀಕ್ಷೆ ಮಾಡುತ್ತೆ, ವರದಿ ಆಗುತ್ತೆ. ಅಲ್ಲೀವರೆಗೆ ಜನರನ್ನ ಗಾಬರಿಪಡಿಸಬೇಡಿ. ಆ ನಾಲ್ಕು ಬೀದಿ ಬದುಕೋದೇ ಮೀನಿನಿಂದ."

"ವರದಿಗೆ ಎಷ್ಟು ದಿನ ಸಾರ್?"

"ವರ್ಷ ಅಂದ್ಕೊಳ್ಳಿ."

"ನನ್ನ ಪುಸ್ತಕದಲ್ಲಿ ಹನ್ನೊಂದು ಜನ ಬಸುರಿಯರಿದ್ದಾರೆ. ಅವರು ಅಲ್ಲೀವರೆಗೆ ಕಾಯಲ್ಲ ಸಾರ್, ಹೆರ್ತಾರೆ."

ಸಾಹೇಬರು ಕಾಗದಗಳ ಮೇಲಿಟ್ಟಿದ್ದ ಗಾಜಿನ ಗುಂಡನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದರು. ನರ್ಸಕ್ಕ ನಮಸ್ಕಾರ ಹೇಳಿ ಹೊರಬಂದವಳು ಕೇಂದ್ರಕ್ಕೆ ಹೋಗದೆ ನೇರ ಮೊದಲ ಬೀದಿಗೆ ಸೈಕಲ್ ತಿರುಗಿಸಿದಳು.

ಹನ್ನೊಂದು ಮನೆಗಳಲ್ಲೂ ಅದೇ ಮಾತು. "ನಾನು ಹೇಳಿದ್ದು ತಪ್ಪಾಯ್ತು. ಎಲ್ಲಾ ಮೀನಲ್ಲ, ಅಳಿವೆಯ ಹಲ್ಲುಮೀನು ಮಾತ್ರ ಮುಟ್ಟಬೇಡಿ. ಬಸುರಿಯರು, ಹಾಲು ಕುಡಿಸೋರು, ಮಕ್ಕಳು, ಯಾರೂ ಬೇಡ. ಸಣ್ಣ ಮೀನು ತಿನ್ನಿ." ಇಪ್ಪತ್ತಾರು ವರ್ಷ ಒಂದು ಮಾತು ಹೇಳಿ, ಅದೇ ಹೊಸ್ತಿಲ ಮೇಲೆ ನಿಂತು ಅದನ್ನು ವಾಪಸು ತೆಗೆದುಕೊಳ್ಳುವುದೆಂದರೆ ಮುಖದ ಚರ್ಮ ಸುಲಿದುಕೊಟ್ಟಂತೆ. ನಾಲ್ಕನೇ ಮನೆಯ ಹೊತ್ತಿಗೆ ಆ ಮಾತು ತಡೆಯಿಲ್ಲದೆ ಬಂತು.

ಕೆಲವರು ನಂಬಿದರು. ಕೆಲವರು ನಕ್ಕರು. "ನಾಳೆ ಸಣ್ಣ ಮೀನೂ ಬೇಡ ಅಂತೀಯಾ ನರ್ಸಕ್ಕ? ನಾಡಿದ್ದು ನೀರೂ ಬೇಡ ಅಂತೀಯಾ?" ಮೀನುಗಾರರ ಸಂಘದ ಅಧ್ಯಕ್ಷ ಇಬ್ಬರನ್ನು ಕಟ್ಟಿಕೊಂಡು ಕೇಂದ್ರಕ್ಕೇ ಬಂದ. "ಈ ಮಾತು ಸಂತೆಗೆ ಮುಟ್ಟಿದ್ರೆ ನಮ್ಮ ಮೀನು ಮೂಸೋರಿರಲ್ಲ. ನಮ್ಮ ಹೊಟ್ಟೆ ಮೇಲೆ ಯಾಕೆ ಹೊಡೀತೀಯಾ?" ಎಂದು ಕೂಗಾಡಿದ. ಅವನ ಮಕ್ಕಳ ಹೆರಿಗೆ ಮಾಡಿಸಿದ್ದೂ ನರ್ಸಕ್ಕನೇ. "ನಿನ್ನ ಹೊಟ್ಟೆ ನನಗೆ ಗೊತ್ತು ಕಣಪ್ಪ. ನಾನೀಗ ಬೇರೆಯವರ ಹೊಟ್ಟೆ ಒಳಗಿರೋದನ್ನ ನೋಡ್ತಿದೀನಿ" ಎಂದಳು. ಅವನು ಬೈಯುತ್ತಲೇ ಹೋದ.

ಇನ್ನೊಂದು ಎಡವಟ್ಟೂ ಆಯಿತು. ಮೂರನೇ ಬೀದಿಯ ಹೆಂಗಸೊಬ್ಬಳು ಹೆದರಿ ಮೀನನ್ನೇ ಪೂರ್ತಿ ಬಿಟ್ಟಳು. ಬೇರೆ ಸತ್ವದ ಊಟ ಆ ಮನೆಯಲ್ಲಿರಲಿಲ್ಲ. ಎರಡೇ ವಾರದಲ್ಲಿ ನಲ್ಲಿಯ ಹತ್ತಿರ ತಲೆಸುತ್ತಿ ಬಿದ್ದಳು. ಅಂದಿನಿಂದ ನರ್ಸಕ್ಕ ಸೈಕಲ್ಲಿನ ಬುಟ್ಟಿಯಲ್ಲಿ ಸಣ್ಣ ಮೀನು ಇಟ್ಟುಕೊಂಡೇ ತಿರುಗತೊಡಗಿದಳು. "ಇಂಥದ್ದು ತಿನ್ನು. ಇದರ ಬಾಯಿ ನೋಡು, ಇದು ಯಾರನ್ನ ತಿಂದೀತು?" ಎಂದು ಒಂದನ್ನು ಎತ್ತಿ ತೋರಿಸುತ್ತಿದ್ದಳು.

ಒಬ್ಬಳು ಮಾತ್ರ ಜಗ್ಗಲಿಲ್ಲ. ನಾಲ್ಕನೇ ಬೀದಿಯಲ್ಲಿ ಬಲೆ ಹೆಣೆಯುವವಳು, ಆರು ತಿಂಗಳ ಬಸುರಿ. ಎರಡು ಸಲ ಹೋದಾಗಲೂ ಅವಳ ಅತ್ತೆಯೇ ಮುಂದೆ ಬಂದು ನಿಂತಳು. "ನಾನು ಅದನ್ನೇ ತಿಂದು ಐದು ಹೆತ್ತೆ. ಐದೂ ಕಲ್ಲುಗುಂಡಿನಂಗಿವೆ. ನಿನ್ನ ಪುಟ್ಟಿ ಮಗುವಿಗೆ ಏನೋ ಆಯ್ತು ಅಂತ ಊರಿನ ಬಾಯಿಗೆಲ್ಲ ಬೀಗ ಹಾಕ್ತೀಯಾ?" ಸೊಸೆ ತಲೆ ತಗ್ಗಿಸಿ ಬಲೆಯ ಕಣ್ಣು ಹೆಣೆಯುತ್ತಲೇ ಇದ್ದಳು. ಒಳಗಿನಿಂದ ಹಲ್ಲುಮೀನು ಬೇಯುವ ವಾಸನೆ ಬರುತ್ತಿತ್ತು.

ಮೂರನೆಯ ಸಲ ಹೋದದ್ದು ಒಂದು ಬೆಳಿಗ್ಗೆ, ಹತ್ತರ ಹೊತ್ತಿಗೆ. ಮುದುಕಿ ಅದೇ ಮಾತು ಶುರುಮಾಡಿದ್ದಳು. ಅಷ್ಟರಲ್ಲಿ ಬಾಗಿಲಿಗೆ ನೆರಳು ಬಿತ್ತು. ಪುಟ್ಟಿ. ಸೊಂಟದ ಮೇಲೆ ಪಾಪು. ಎರಡು ತಿಂಗಳಿಂದ ಮುಖ ತೋರಿಸದವಳು. ಈ ಮನೆಯವರ ಹಟದ ಸುದ್ದಿ ಗಂಡನಿಂದ ಕೇಳಿದ್ದಳೇನೋ. ನರ್ಸಕ್ಕನ ಕಡೆ ನೋಡಲೂ ಇಲ್ಲ. ನೇರ ಒಳಗೆ ಬಂದು, ಬಲೆ ಹೆಣೆಯುವವಳ ಎದುರು ಕುಳಿತು, ಮಡಿಲಿನ ಬಲೆ ಸರಿಸಿ, ಅಲ್ಲಿ ಮಗುವನ್ನು ಮಲಗಿಸಿದಳು.

"ಹಿಡ್ಕೋ."

ಅವಳು ಗಾಬರಿಯಿಂದ ಹಿಡಿದುಕೊಂಡಳು. ಪಾಪುವಿನ ಕತ್ತು ಅವಳ ಮೊಣಕೈ ಮೇಲಿಂದ ಹಿಂದಕ್ಕೆ ಜಾರಿತು.

"ಕತ್ತಿನ ಕೆಳಗೆ ಕೈ ಕೊಡು. ಅವನಿಗೆ ಒಂದೂವರೆ ವರ್ಷ. ಈಗ ಅವನನ್ನ ಕರಿ. ಪಾಪು ಅನ್ನು."

"ಪಾಪು" ಎಂದಳು ಅವಳು, ಪಿಸುದನಿಯಲ್ಲಿ. ಮತ್ತೆ ಕರೆದಳು. ಮಗುವಿನ ಕಣ್ಣುಗಳು ಮಾಡಿನ ಕಡೆಗೇ ಇದ್ದವು. ಕಾಲುಗಳು ಕತ್ತರಿಯಂತೆ ಒಂದರ ಮೇಲೊಂದು ಬಿಗಿದುಕೊಂಡಿದ್ದವು.

"ಹುಟ್ಟಿದಾಗ ಇವನೂ ಗುಂಡುಗುಂಡಗೇ ಇದ್ದ" ಎಂದಳು ಪುಟ್ಟಿ. "ನೋಡೋಕೆ ನೀವೂ ಬಂದಿದ್ರಿ ಅಜ್ಜಿ. ನರ್ಸಕ್ಕನ ಕೈಗುಣ ಅಂದಿದ್ರಿ."

ಮುದುಕಿ ಸೊಸೆಯ ಪಕ್ಕದಲ್ಲಿ ನಿಧಾನಕ್ಕೆ ಕುಳಿತಳು. ಪಾಪುವಿನ ಪಾದ ಹಿಡಿದು, ಮಡಚಿದ ಬೆರಳುಗಳನ್ನು ಒಂದೊಂದಾಗಿ ಬಿಡಿಸಲು ನೋಡಿದಳು. ಬಿಟ್ಟೊಡನೆ ಅವು ಮತ್ತೆ ಮಡಚಿಕೊಂಡವು. ಆಮೇಲೆ ಎದ್ದು ಒಳಗೆ ಹೋದಳು. ಒಲೆ ಆರಿಸಿದ ಸದ್ದು, ಪಾತ್ರೆ ಕೆಳಗಿಳಿಸಿದ ಸದ್ದು ಕೇಳಿಸಿತು. ಹಿತ್ತಲ ಬಾಗಿಲು ತೆರೆಯಿತು.

ವಾಪಸು ಬರುವಾಗ ಬೀದಿ ಬಿಸಿಲಿಗೆ ಕಾದಿತ್ತು. ನರ್ಸಕ್ಕ ಸೈಕಲ್ ತಳ್ಳುತ್ತ, ಎರಡು ಹೆಜ್ಜೆ ಹಿಂದೆ ಬರುತ್ತಿದ್ದಳು.

"ನಿನ್ನ ಮೇಲಿನ ಸಿಟ್ಟು ಹೋಗಿಲ್ಲ ದೊಡ್ಡಮ್ಮ" ಎಂದಳು ಪುಟ್ಟಿ, ತಿರುಗದೆಯೇ.

"ಹೋಗದಿದ್ರೆ ಬೇಡ."

"ಹೋಗುತ್ತೋ ಇಲ್ವೋ ಗೊತ್ತಿಲ್ಲ."

"ಇರ್ಲಿ."

ತಿರುವಿನಲ್ಲಿ ಪುಟ್ಟಿ ನಿಂತಳು. "ಸೈಕಲ್ ನಾನು ತಳ್ತೀನಿ. ಇವನನ್ನ ಎತ್ಕೋ. ಕೈ ಸೋತುಹೋಗಿದೆ."

ನರ್ಸಕ್ಕ ಮಗುವನ್ನು ತೆಗೆದುಕೊಂಡಳು.

ಆ ವರ್ಷ ಹನ್ನೊಂದು ಹೆರಿಗೆಗಳಾದವು. ಬಲೆ ಹೆಣೆಯುವವಳಿಗೆ ಹೆಣ್ಣು ಮಗು. ನಾಲ್ಕನೇ ತಿಂಗಳಿಗೆ ಕತ್ತು ನಿಂತಿತು. ಹನ್ನೊಂದರಲ್ಲಿ ಎರಡು ಮಕ್ಕಳು ಮಾತಿನಲ್ಲಿ ಹಿಂದೆ ಬಿದ್ದವು. ಅದು ಪಾದರಸದಿಂದಲೋ ಬೇರೆಯದರಿಂದಲೋ ಯಾರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಸಮೀಕ್ಷೆಯ ತಂಡ ಒಂದೂವರೆ ವರ್ಷದ ಮೇಲೆ ಬಂತು. ಮನೆಮನೆಯಿಂದ ಕೂದಲು ತೆಗೆದುಕೊಂಡು ಹೋಯಿತು. ಅಳಿವೆಯ ಬಾಯಲ್ಲಿ ಹಲ್ಲುಮೀನು ಹಿಡಿಯಬಾರದೆಂದು ಫಲಕ ಹಾಕಿದರು. ಕೆಸರು ತೆಗೆಯುವ ಮಾತು ಇನ್ನೂ ಮಾತಾಗಿಯೇ ಇದೆ. ಅಳಿಯ ಅದಕ್ಕೆ ಮೊದಲೇ ಬಲೆ ಬದಲಾಯಿಸಿ, ದೂರದ ಕಡಲಿನಲ್ಲಿ ಸಣ್ಣ ಮೀನು ಹಿಡಿಯಲು ಹೋಗತೊಡಗಿದ್ದ. ನೋಡಿ ನೋಡಿ ಇನ್ನೂ ಆರೇಳು ದೋಣಿಗಳು ಅವನ ಹಿಂದೆ ಹೋದವು. ಸಂಘದ ಅಧ್ಯಕ್ಷನೂ ಹೋದ, ಬೈಯುತ್ತಲೇ.

ನರ್ಸಕ್ಕ ಸರ್ಕಾರಿ ಕೆಲಸದಿಂದ ನಿವೃತ್ತಳಾದ ಮೇಲೆ ಮಧ್ಯಾಹ್ನಗಳನ್ನೆಲ್ಲ ಪುಟ್ಟಿಯ ಮನೆಯಲ್ಲೇ ಕಳೆದಳು. ಪಾಪುವಿನ ಕಾಲುಗಳನ್ನು ಬಿಡಿಸುವುದು, ಮಡಚುವುದು, ದೋಣಿಯ ಬಡಗಿ ಮಾಡಿಕೊಟ್ಟ ಕುರ್ಚಿಯಲ್ಲಿ ಪಟ್ಟಿ ಬಿಗಿದು ಕೂರಿಸುವುದು. ಮೂರು ವರ್ಷಕ್ಕೆ ಅವನು ಪಟ್ಟಿಯಿಲ್ಲದೆ ಕುಳಿತ. ನಾಲ್ಕಕ್ಕೆ ಗೋಡೆ ಹಿಡಿದು ನಿಂತು, ಎರಡು ಹೆಜ್ಜೆ ಸರಿದು ಬಿದ್ದ. ಮಾತು ಬರಲಿಲ್ಲ. ಅಪ್ಪನ ಎಂಜಿನ್ನಿನ ಸದ್ದು ಮಾತ್ರ ಅದು ಹೇಗೋ ಗುರುತಿಸುತ್ತಿದ್ದ. ಕೇಳಿಸಿದರೆ ಬಾಯಿ ತುಂಬ ನಗುತ್ತಿದ್ದ.

ಒಂದು ದಿನ ಅವನ ಕಾಲಿಗೆ ಎಣ್ಣೆ ತಿಕ್ಕುತ್ತಿದ್ದಾಗ ಪುಟ್ಟಿ ಪಕ್ಕದಲ್ಲಿ ಬಂದು ಕುಳಿತಳು. ಡಾಕ್ಟರು ಅವಳ ಕೂದಲನ್ನು ಮತ್ತೊಮ್ಮೆ ಪರೀಕ್ಷೆ ಮಾಡಿಸಿದ್ದರು. ಪಾದರಸದ ಸಂಖ್ಯೆ ಒಂದರ ಒಳಗೇ ಬಂದಿತ್ತು.

"ದೊಡ್ಡಮ್ಮ, ಇನ್ನೊಂದು ಮಗು ಬೇಕು ಅಂತಾರೆ ಇವರು. ನನಗೆ ಹೆದರಿಕೆ. ನೀನೇನಂತೀಯ?"

ನರ್ಸಕ್ಕನ ಕೈ ನಿಂತಿತು. ಹೇಳುವುದಕ್ಕೆ ನೂರು ಮಾತಿತ್ತು. ಮೈಯಿಂದ ಅದು ಇಳಿದುಹೋಗುತ್ತದೆ, ಸಂಖ್ಯೆ ಚೆನ್ನಾಗಿದೆ, ಇನ್ನು ಭಯವಿಲ್ಲ. ಎಲ್ಲವೂ ಕಾಗದದಲ್ಲಿದ್ದ ಮಾತೇ.

"ನನಗೆ ಗೊತ್ತಿಲ್ಲ ಪುಟ್ಟಿ" ಎಂದಳು. "ಡಾಕ್ಟರನ್ನ ಕೇಳೋಣ. ಅವರು ಹೇಳಿದ್ದನ್ನ ನೀನೂ ಯೋಚನೆ ಮಾಡು, ಅವನೂ ಮಾಡಲಿ. ನಿನಗೆ ಬೇಡ ಅನ್ನಿಸಿದ್ರೆ ಬೇಡ."

ಪುಟ್ಟಿ ಅವಳ ಮುಖವನ್ನೇ ನೋಡಿದಳು. "ನಾಳೆ ಹೋಗೋಣ್ವಾ?"

"ಹೋಗೋಣ."

ಮರುದಿನ ಬೆಳಿಗ್ಗೆ ಎಂಟರ ಬಸ್ಸಿಗೆ ಮೂವರೂ ಹೊರಟರು. ಕಿಟಕಿ ಪಕ್ಕದ ಜಾಗ ಪಾಪುವಿಗೆ ಬಿಟ್ಟರು. ಅವನು ಬೀಳದಂತೆ ಪಕ್ಕದಿಂದ ಪುಟ್ಟಿ, ಹಿಂದಿನ ಸೀಟಿನಿಂದ ನರ್ಸಕ್ಕ ಕೈ ಕೊಟ್ಟು ಹಿಡಿದುಕೊಂಡಿದ್ದರು.